ಕಾಂಟೆಸ್ಸಾ ಇಂಜಿನ್ ಎದ್ದು ಕೂರುತ್ತದೆ: ಗಟ್ಟಿ ಮೌಂಟಿಂಗ್ ಹಾಕಿಸಬೇಕೇ?

ಪ್ರಶ್ನೆ: ನಮ್ಮದು ಬಾಗಲಕೋಟೆ ನವನಗರ. ತಂದೆಯವರ 1992ರ ಕಾಂಟೆಸ್ಸಾ ಕ್ಲಾಸಿಕ್ ಇದೆ, ಇಸುಝು 1.8 ಪೆಟ್ರೋಲ್ ಇಂಜಿನ್. ಬಹಳ ವರ್ಷ ನಿಂತಿದ್ದ ಗಾಡಿಯನ್ನು ಮತ್ತೆ ರಸ್ತೆಗೆ ಇಳಿಸಿದ್ದೇನೆ. ಮೊದಲ ಗೇರಿನಲ್ಲಿ ಕ್ಲಚ್ ಬಿಡುವಾಗ ಮುಂದಿನಿಂದ 'ಧಡ್' ಅಂತ ಸದ್ದು ಬರುತ್ತದೆ. ಬಾನೆಟ್ ತೆರೆದು ರೇಸ್ ಕೊಟ್ಟರೆ ಇಂಜಿನ್ ಒಂದು ಕಡೆ ಎದ್ದು ಕೂರುತ್ತದೆ. ಬೆಳಗಾವಿಯ ಮಿಸ್ತ್ರಿಯೊಬ್ಬರು 'ರಬ್ಬರ್ ಸಹವಾಸವೇ ಬೇಡ, ಲೇತ್‌ನಲ್ಲಿ ಕಬ್ಬಿಣದ ಬುಶ್ ಮಾಡಿಸಿ ಹಾಕೋಣ' ಅನ್ನುತ್ತಾರೆ. ಗೆಳೆಯನೊಬ್ಬ ಅಮೆರಿಕದ ಮಸಲ್ ಕಾರಿನವರು ಹಾಕುವ ಪಾಲಿಯುರೆಥೇನ್ ಮೌಂಟಿಂಗ್ ಹಾಕಿಸು ಅನ್ನುತ್ತಾನೆ. ಯಾವುದು ಸರಿ? ಮುಂದೆ ಪವರ್ ಜಾಸ್ತಿ ಮಾಡಿಸುವ ಆಸೆಯೂ ಇದೆ.

ಉತ್ತರ: ಎರಡೂ ಬೇಡ. ನಿಮ್ಮ ಗಾಡಿಗೆ ಬೇಕಿರುವುದು ಹೊಸ ರಬ್ಬರ್ ಮೌಂಟಿಂಗ್‌ಗಳು (ಇಂಜಿನ್ನನ್ನು ಹೊತ್ತು ಕೂರಿಸುವ, ಕಬ್ಬಿಣದ ತಟ್ಟೆಗಳ ನಡುವೆ ರಬ್ಬರ್ ಇರುವ ಮೆತ್ತೆಗಳು), ಜೊತೆಗೆ ಎಡಗಡೆ ಇಂಜಿನ್ ಮೇಲೇಳದಂತೆ ಒಂದು ತಡೆ. ಅದಾದ ಮೇಲೂ ಇನ್ನಷ್ಟು ಬಿಗಿ ಬೇಕು ಅನ್ನಿಸಿದರೆ ಆ ರಬ್ಬರನ್ನೇ ಒಂದು ಮೆಟ್ಟಿಲು ಗಟ್ಟಿ ಮಾಡಿಸಿ. ಪಾಲಿಯುರೆಥೇನ್ (ಚಿಕ್ಕದಾಗಿ ಪಾಲಿ, ರಬ್ಬರಿನಂಥದೇ ಆದರೆ ಹೆಚ್ಚು ಗಟ್ಟಿಯಾದ ಪ್ಲಾಸ್ಟಿಕ್) ಕೆಟ್ಟದ್ದು ಅಂತ ಹೇಳುತ್ತಿಲ್ಲ. ನಿಮ್ಮ ಗೆಳೆಯ ನೋಡಿದ ಕಾರುಗಳಿಗೆ ಅದು ಸರಿಯೇ. ಆದರೆ ಆ ಕಾರುಗಳ ಇಂಜಿನ್ ಬೇರೆ, ನಿಮ್ಮ ಇಂಜಿನ್ ಬೇರೆ.

ಕಾಂಟೆಸ್ಸಾವನ್ನು ನಮ್ಮ ದೇಶದ ಮಸಲ್ ಕಾರು (ದೊಡ್ಡ ಇಂಜಿನ್ನಿನ ಜೋರು ಕಾರು) ಅಂತ ಕರೆಯುವುದು ರೂಢಿ. ಉದ್ದ ಮೂತಿ, ಚೌಕಾಕಾರದ ಮೈ, ಹಿಂದಿನ ಚಕ್ರಕ್ಕೆ ಪವರ್. ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್ ಕಾರಿನ ವಿನ್ಯಾಸವನ್ನು ತಂದು ಹಿಂದೂಸ್ತಾನ್ ಮೋಟಾರ್ಸ್ 1984ರಲ್ಲಿ ಇದನ್ನು ಮಾರುಕಟ್ಟೆಗೆ ಬಿಟ್ಟಿತು. ಮೊದಲು ಒಳಗಿದ್ದದ್ದು ಅಂಬಾಸಿಡರಿನ 1489 ಸಿಸಿ ಇಂಜಿನ್. ಅಷ್ಟು ದೊಡ್ಡ ಮೈಗೆ ಅದು ಸಾಲಲಿಲ್ಲ. ಆಮೇಲೆ ಬಂದದ್ದು ನಿಮ್ಮ ಗಾಡಿಯಲ್ಲಿರುವ ಇಸುಝು 1817 ಸಿಸಿ, ಸುಮಾರು 88 ಅಶ್ವಶಕ್ತಿ. ಆ ಕಾಲಕ್ಕೆ ಒಳ್ಳೆಯ ಇಂಜಿನ್, ಈಗಲೂ ಓಡಿಸಲು ಹಿತ. ಆದರೂ ಅದು ನಾಲ್ಕು ಸಿಲಿಂಡರಿನದು. ಮಸಲ್ ಕಾರಿನ ಕಥೆ ಶುರುವಾಗುವುದು 1964ರ ಪಾಂಟಿಯಾಕ್ ಜಿಟಿಓದಿಂದ ಅನ್ನುತ್ತಾರೆ. ಅದರಲ್ಲಿದ್ದದ್ದು ಎಂಟು ಸಿಲಿಂಡರಿನ 6.4 ಲೀಟರ್ ವಿ8. ಗಟ್ಟಿ ಮೌಂಟಿಂಗ್ ಬಗ್ಗೆ ಅಮೆರಿಕದವರು ಕೊಡುವ ಸಲಹೆಯೆಲ್ಲ ಬಹುಪಾಲು ಇಂಥ ವಿ8 ಇಟ್ಟುಕೊಂಡವರ ಅನುಭವ. ಈ ವ್ಯತ್ಯಾಸ ಯಾಕೆ ದೊಡ್ಡದು ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಮೊದಲು ರೋಗ ಯಾವುದು ಅಂತ ಖಾತ್ರಿ ಮಾಡಿಕೊಳ್ಳೋಣ.

ನಿಮ್ಮ ಇಂಜಿನ್ ಎದ್ದು ಕೂರುತ್ತದೆ ಅಂದಿರಿ, ಯಾವ ಕಡೆ ಅಂತ ಬರೆದಿಲ್ಲ. ಎಡಗಡೆಯೇ ಇರಬೇಕು. ಇಂಥ ಇಂಜಿನ್ನಿನ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಮುಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಕ್ರ್ಯಾಂಕ್ ಒಂದು ದಿಕ್ಕಿಗೆ ತಳ್ಳಿದರೆ ಇಂಜಿನ್ ಬ್ಲಾಕ್ ಅದರ ಉಲ್ಟಾ ದಿಕ್ಕಿಗೆ ಹೊರಳಲು ನೋಡುತ್ತದೆ. ಡ್ರೈವರ್ ಸೀಟಿನಲ್ಲಿ ಕೂತು ನೋಡಿದರೆ ಬ್ಲಾಕಿನ ತಲೆ ಬಲಕ್ಕೆ ವಾಲುತ್ತದೆ, ಎಡಬದಿ ಮೇಲೇಳುತ್ತದೆ. ಹಾಗಾಗಿ ಬಲಗಡೆಯ ರಬ್ಬರ್ ಒತ್ತಿಕೊಳ್ಳುತ್ತದೆ, ಎಡಗಡೆಯದು ಎಳೆದುಕೊಳ್ಳುತ್ತದೆ. ರಬ್ಬರಿಗೆ ಒತ್ತಡ ಸಲೀಸು, ಎಳೆತ ಆಗದು. ಅದಕ್ಕೇ ಎಡಗಡೆಯ ಮೌಂಟಿಂಗ್ ಮೊದಲು ಸಾಯುವುದು ಜಾಸ್ತಿ. ರಿವರ್ಸ್ ಗೇರಿನಲ್ಲಿ ಎಲ್ಲವೂ ಉಲ್ಟಾ, ಬಲಗಡೆ ಏಳುತ್ತದೆ.

ಇಲ್ಲಿ ಇನ್ನೊಂದು ಮಾತು. ಗೇರ್ ಬಾಕ್ಸ್ ಇಂಜಿನ್ನಿಗೇ ಬೋಲ್ಟ್ ಆಗಿರುತ್ತದೆ, ಎರಡೂ ಸೇರಿ ಒಂದೇ ಗಡ್ಡೆ. ಹಾಗಾಗಿ ಮೌಂಟಿಂಗ್ ತಡೆಯಬೇಕಾದ ಹೊರಳು ಇಂಜಿನ್ನಿನ ಟಾರ್ಕ್ (ತಿರುಗಿಸುವ ಬಲ) ಅಷ್ಟೇ ಅಲ್ಲ, ಅದಕ್ಕೆ ಗೇರಿನ ಅನುಪಾತ ಗುಣಿಸಿದಷ್ಟು. ಮೊದಲ ಗೇರಿನ ಅನುಪಾತ ಮೂರು, ಮೂರೂವರೆ ಇರುತ್ತದೆ ಅಂದರೆ ಅಷ್ಟು ಪಟ್ಟು ಬಲ. ನಾಲ್ಕನೇ ಗೇರಿನಲ್ಲಿ ಸುಮ್ಮನಿರುವ ಗಾಡಿ ಮೊದಲ ಗೇರಿನಲ್ಲಿ ಮಾತ್ರ ಧಡ್ ಅನ್ನುವುದು ಇದಕ್ಕೇ. ನ್ಯೂಟ್ರಲ್‌ನಲ್ಲಿ ರೇಸ್ ಕೊಟ್ಟಾಗಲೇ ಇಂಜಿನ್ ಎದ್ದು ಕೂರುತ್ತದೆ ಅಂದರೆ, ಗೇರಿನಲ್ಲಿ ಇನ್ನೆಷ್ಟು ಏಳಬಹುದು ಲೆಕ್ಕ ಹಾಕಿ.

ಪರೀಕ್ಷೆ ಹೀಗೆ ಮಾಡಿ. ಬಾನೆಟ್ ತೆರೆದಿಡಿ. ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು ಕೊಟ್ಟು, ನಂಬಿಕೆಯ ಒಬ್ಬರನ್ನು ಸೀಟಿನಲ್ಲಿ ಕೂರಿಸಿ. ಅವರು ಬ್ರೇಕ್ ಗಟ್ಟಿ ತುಳಿದು ಮೊದಲ ಗೇರಿನಲ್ಲಿ ಕ್ಲಚ್ ಮೆಲ್ಲಗೆ ಬಿಟ್ಟು, ಗಾಡಿ ಹಿಡಿಯುತ್ತಿದ್ದಂತೆ ಮತ್ತೆ ತುಳಿಯಲಿ. ನೀವು ಪಕ್ಕದಲ್ಲಿ ನಿಂತು ನೋಡಿ. ಮುಂದೆ ನಿಲ್ಲಬೇಡಿ, ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಇಂಜಿನ್ ಸ್ವಲ್ಪ ವಾಲುವುದು ಸಹಜ. ಒಂದು ಇಂಚಿಗಿಂತ ಜಾಸ್ತಿ ಎದ್ದರೆ, ಅಥವಾ ಏಳುವಾಗ ನಯವಾಗಿ ಏಳದೆ ಜಿಗಿದು ಧಡ್ ಅಂತ ಕೂತರೆ ಮೌಂಟಿಂಗ್ ಹೋಗಿದೆ. ಆಮೇಲೆ ಇಂಜಿನ್ ಆಫ್ ಮಾಡಿ, ಆಯಿಲ್ ಚೇಂಬರ್ ಕೆಳಗೆ ಅಗಲವಾದ ಮರದ ಹಲಗೆ ಇಟ್ಟು ಜ್ಯಾಕಿನಿಂದ ಒಂದೆರಡು ಎಳೆ ಮಾತ್ರ ಎತ್ತಿ. ಟಾರ್ಚ್ ಬಿಟ್ಟು ನೋಡಿ. ಕಬ್ಬಿಣದ ತಟ್ಟೆಯಿಂದ ರಬ್ಬರ್ ಬಾಯಿ ಬಿಟ್ಟರೆ ಅದು ಸತ್ತಿದೆ. ಮೇಲೆ ಇಂಜಿನ್ ಭಾರ ಕೂತಿರುವಾಗ ಇಂಥ ಬಿರುಕು ಕಾಣುವುದೇ ಇಲ್ಲ. ಎಷ್ಟೋ ಮಂದಿ ಮೇಲಿಂದ ನೋಡಿ 'ರಬ್ಬರ್ ಚೆನ್ನಾಗಿದೆ' ಅಂತ ಬಿಟ್ಟುಬಿಡುವುದು ಅದಕ್ಕೇ.

ಧಡ್ ಸದ್ದಿಗೆ ಮೌಂಟಿಂಗ್ ಒಂದೇ ಕಾರಣ ಅಂತಲೂ ಇಲ್ಲ. ಹಿಂದಿನ ಚಕ್ರಕ್ಕೆ ಪವರ್ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೀಲು) ಸವೆದಿದ್ದರೂ, ಹಿಂದಿನ ಆಕ್ಸಲ್ ಬುಶ್ ಹೋಗಿದ್ದರೂ ಹೆಚ್ಚು ಕಡಿಮೆ ಇದೇ ಸದ್ದು ಬರುತ್ತದೆ. ಗಾಡಿ ಕೆಳಗೆ ಹೋಗಿ ಶಾಫ್ಟನ್ನು ಕೈಯಿಂದ ಆಚೀಚೆ ತಿರುವಿ ನೋಡಿ. ಕ್ರಾಸ್‌ನಲ್ಲಿ ಆಟ ಸಿಕ್ಕರೆ ಮೊದಲು ಅದನ್ನು ಬದಲಿಸಿ. ಅದು ಬಿಟ್ಟು ಮೌಂಟಿಂಗ್ ಮಾತ್ರ ಗಟ್ಟಿ ಮಾಡಿದರೆ ಸದ್ದು ಜಾಗ ಬದಲಿಸುತ್ತದೆ, ಹೋಗುವುದಿಲ್ಲ.

ಈಗ ವಿ8ರ ಮಾತಿಗೆ ಬರೋಣ. ಇಲ್ಲಿ ಸ್ವಲ್ಪ ಲೆಕ್ಕ ಇದೆ, ಬೇಸರ ಮಾಡಿಕೊಳ್ಳಬೇಡಿ.

ನಾಲ್ಕು ಸಿಲಿಂಡರಿನ ಇಂಜಿನ್ ಕ್ರ್ಯಾಂಕಿನ ಒಂದು ಸುತ್ತಿಗೆ ಎರಡು ಸಲ ಉರಿಯುತ್ತದೆ. ಐಡ್ಲಿಂಗ್ (ಆಕ್ಸಲರೇಟರ್ ತುಳಿಯದೆ ಇಂಜಿನ್ ಸುಮ್ಮನೆ ತಿರುಗುವುದು) ನಿಮಿಷಕ್ಕೆ 800 ಸುತ್ತು ಅಂದುಕೊಳ್ಳಿ. ಸೆಕೆಂಡಿಗೆ ಹದಿಮೂರು ಚಿಲ್ಲರೆ ಸುತ್ತು, ಅಂದರೆ ಸೆಕೆಂಡಿಗೆ ಸುಮಾರು 27 ಏಟು. ವಿ8 ಒಂದು ಸುತ್ತಿಗೆ ನಾಲ್ಕು ಸಲ ಉರಿಯುತ್ತದೆ, ಅದೇ 800ರಲ್ಲಿ ಸೆಕೆಂಡಿಗೆ 53 ಏಟು. ಇನ್ನು ಮೌಂಟಿಂಗ್ ಮೇಲೆ ಕೂತ ಇಂಜಿನ್ನಿಗೆ ತನ್ನದೇ ಒಂದು ತೂಗಾಟದ ವೇಗ ಇರುತ್ತದೆ. ಲೆಕ್ಕಕ್ಕೆ ಅದು ಸೆಕೆಂಡಿಗೆ 10 ಅಂತ ಇಟ್ಟುಕೊಳ್ಳೋಣ. ನಿಯಮ ಏನೆಂದರೆ, ಬೀಳುವ ಏಟು ಈ ವೇಗದ 1.4 ಪಟ್ಟಿಗಿಂತ ಮೇಲಿದ್ದರೆ ಮಾತ್ರ ರಬ್ಬರ್ ಕಂಪನವನ್ನು ತಿನ್ನುತ್ತದೆ. ಅದರ ಕೆಳಗಿದ್ದರೆ ಕಂಪನವನ್ನು ಹೆಚ್ಚಿಸಿ ಗಾಡಿಯ ಮೈಗೆ ದಾಟಿಸುತ್ತದೆ. ಇಲ್ಲಿ ಗಡಿ 14. ನಿಮ್ಮ 27 ಅದರ ಮೇಲಿದೆ, ಗಾಡಿ ಹಿತವಾಗಿ ನಿಂತಿರುತ್ತದೆ.

ಮೌಂಟಿಂಗ್ ನಾಲ್ಕು ಪಟ್ಟು ಗಟ್ಟಿ ಮಾಡಿದಿರಿ ಅಂತಿಟ್ಟುಕೊಳ್ಳಿ. ತೂಗಾಟದ ವೇಗ ಎರಡು ಪಟ್ಟು ಆಗುತ್ತದೆ, ಸೆಕೆಂಡಿಗೆ 20. ಗಡಿ 28ಕ್ಕೆ ಏರಿತು. ವಿ8ರ 53 ಇನ್ನೂ ಆರಾಮಾಗಿ ಅದರ ಮೇಲೆಯೇ ಇದೆ, ಆ ಕಾರಿನವನಿಗೆ ಏನೂ ಗೊತ್ತಾಗುವುದಿಲ್ಲ. ನಿಮ್ಮ 27 ಮಾತ್ರ ಗಡಿಯ ಕೆಳಗೆ ಬಿತ್ತು. ಸಿಗ್ನಲ್‌ನಲ್ಲಿ ನಿಂತಾಗ ಸ್ಟೇರಿಂಗ್, ಕನ್ನಡಿ, ಡ್ಯಾಶ್‌ಬೋರ್ಡ್ ಎಲ್ಲ ಗಡಗಡ ಅನ್ನತೊಡಗುತ್ತವೆ. ಎಸಿ ಹಾಕಿ ಐಡ್ಲಿಂಗ್ ಇನ್ನೂ ಇಳಿದರೆ ಕೇಳುವುದೇ ಬೇಡ. ಒಂದೇ ಮೌಂಟಿಂಗ್, ಒಂದೇ ಗಟ್ಟಿತನ, ಆದರೂ ಒಬ್ಬ 'ವಾಹ್' ಅನ್ನುತ್ತಾನೆ, ಇನ್ನೊಬ್ಬ ವಾರದಲ್ಲಿ ಬಿಚ್ಚಿಸುತ್ತಾನೆ.

ಇದು ಐಡ್ಲಿಂಗ್ ಕಥೆ. ಓಡುವಾಗ ಇನ್ನೊಂದಿದೆ. ಸಾಲಾಗಿ ನಿಂತ ನಾಲ್ಕು ಪಿಸ್ಟನ್‌ಗಳಲ್ಲಿ ಎರಡು ಏರುವಾಗ ಎರಡು ಇಳಿಯುತ್ತವೆ, ನೋಡಲು ಸರಿಸಮ. ಆದರೆ ಕನೆಕ್ಟಿಂಗ್ ರಾಡ್ ಓರೆಯಾಗುವ ಕಾರಣ ಪಿಸ್ಟನ್ ಮೇಲಿನ ಅರ್ಧದಲ್ಲಿ ಒಂದು ವೇಗ, ಕೆಳಗಿನ ಅರ್ಧದಲ್ಲಿ ಒಂದು ವೇಗದಲ್ಲಿ ಹೋಗುತ್ತದೆ. ಆ ವ್ಯತ್ಯಾಸ ಸುತ್ತಿಗೆ ಎರಡು ಸಲ ಇಂಜಿನ್ನನ್ನು ಮೇಲೆ ಕೆಳಗೆ ಕುಲುಕುತ್ತದೆ. 3000 ಸುತ್ತಿನಲ್ಲಿ ಸೆಕೆಂಡಿಗೆ 100 ಸಲ. ಅಮೆರಿಕದ ಹಳೆಯ ವಿ8ಗಳ ಕ್ರ್ಯಾಂಕ್ ವಿನ್ಯಾಸದಲ್ಲಿ ಈ ಕುಲುಕಾಟ ತನ್ನಷ್ಟಕ್ಕೆ ರದ್ದಾಗುತ್ತದೆ. ನಮ್ಮದರಲ್ಲಿ ಅದನ್ನು ತಿನ್ನುವುದು ರಬ್ಬರ್ ಒಂದೇ. ಬಾಗಲಕೋಟೆಯಿಂದ ಲೋಕಾಪುರ, ಯರಗಟ್ಟಿ ದಾರಿಯಲ್ಲಿ ಬೆಳಗಾವಿಗೆ ಒಂದೇ ಸಮ ಓಡಿಸಿಕೊಂಡು ಬರುವವರಿಗೆ ಈ 'ಝೂಂ' ಸದ್ದು ತಲೆನೋವು ತರಿಸುತ್ತದೆ. ಗಟ್ಟಿ ಮೌಂಟಿಂಗ್ ಬಗ್ಗೆ ಕೇಳುವವರು ಸಾಮಾನ್ಯವಾಗಿ ಪಿಕಪ್ ಬಗ್ಗೆ ಯೋಚಿಸುತ್ತಾರೆ, ಈ ಮೂರು ತಾಸಿನ ಬಗ್ಗೆ ಯೋಚಿಸುವುದಿಲ್ಲ.

ಹಾಗಾದರೆ ಗಟ್ಟಿತನ ಅಳೆಯುವುದು ಹೇಗೆ? ರಬ್ಬರಿಗೂ ಪಾಲಿಗೂ ಶೋರ್ ಎ ಅನ್ನುವ ಅಳತೆ ಇದೆ. ಗಡಿಯಾರದಂಥ ಸಣ್ಣ ಮೀಟರ್, ರಬ್ಬರಿಗೆ ಒತ್ತಿದರೆ ಅಂಕ ತೋರಿಸುತ್ತದೆ. ರಬ್ಬರ್ ಸಾಮಾನು ಮಾಡುವ ಘಟಕಗಳಲ್ಲಿ ಇದನ್ನು ಇಟ್ಟುಕೊಂಡಿರುತ್ತಾರೆ. ಕಂಪನಿ ಮೌಂಟಿಂಗ್‌ಗಳು ಸಾಮಾನ್ಯವಾಗಿ 50ರಿಂದ 60ರ ಒಳಗೆ ಇರುತ್ತವೆ. ಅಂಗಡಿಯಲ್ಲಿ ಸಿಗುವ ಪಾಲಿ ಮೌಂಟಿಂಗ್‌ಗಳು 80, 90ರ ಆಸುಪಾಸು. 50ಕ್ಕೂ 80ಕ್ಕೂ ಏನು ಮಹಾ ಅಂತರ ಅನ್ನಿಸಬಹುದು. ಈ ಅಳತೆ ಸೇರಿನ ಲೆಕ್ಕದಂತೆ ಏರುವುದಿಲ್ಲ. ಹತ್ತು ಅಂಕ ಏರಿದರೆ ಗಟ್ಟಿತನ ಸುಮಾರು ಒಂದೂವರೆ ಪಟ್ಟು ಆಗುತ್ತದೆ. 50ರಿಂದ 60ಕ್ಕೆ ಒಂದೂವರೆ, 70ಕ್ಕೆ ಎರಡಕ್ಕಿಂತ ಮೇಲೆ, 80 ದಾಟಿದರೆ ಮೂರು, ನಾಲ್ಕು ಪಟ್ಟು. ಮೇಲೆ ನಾನು ಹಿಡಿದ ನಾಲ್ಕು ಪಟ್ಟು ಸುಮ್ನೆ ಹಿಡಿದದ್ದಲ್ಲ ಅಂತ ಈಗ ಗೊತ್ತಾಯಿತಲ್ವಾ?

ಅದಕ್ಕೇ ನನ್ನ ಸಲಹೆ: ಮೊದಲು 50-55ರ ಒಳ್ಳೆಯ ರಬ್ಬರ್. ಬಿಗಿ ಬೇಕೇ ಬೇಕು ಅಂದರೆ 60-65. ಅದರ ಮೇಲೆ ಹೋಗುವುದು ಈ ಇಂಜಿನ್ನಿಗೆ ಲಾಭವಿಲ್ಲ. ನಿಮ್ಮ ಬಳಿ ಡೀಸೆಲ್ ಕಾಂಟೆಸ್ಸಾ ಇದ್ದಿದ್ದರೆ 60 ಕೂಡ ಬೇಡ ಅನ್ನುತ್ತಿದ್ದೆ.

'ಮೆತ್ತಗೆ ಇದ್ದರೆ ಮತ್ತೆ ಇಂಜಿನ್ ಏಳುವುದಿಲ್ಲವೇ?' ಅಂತ ಕೇಳುತ್ತೀರಿ. ಅದಕ್ಕೆ ಉತ್ತರ ಅಮೆರಿಕದಲ್ಲೇ ಇದೆ, ಆದರೆ ನಿಮ್ಮ ಗೆಳೆಯ ಹೇಳಿದ ಕಡೆಯಲ್ಲ. 1960ರ ದಶಕದ ಶೆವ್ರೊಲೆ ಕಾರುಗಳಲ್ಲಿ ಎಡಗಡೆಯ ಮೌಂಟಿಂಗ್ ಹರಿದು ಇಂಜಿನ್ ಮೇಲೆ ಎದ್ದುಬಿಡುತ್ತಿತ್ತು. ಹಾಗೆ ಎದ್ದಾಗ ಆಕ್ಸಲರೇಟರ್ ಜೋಡಣೆಯನ್ನೇ ಎಳೆದುಕೊಂಡು ಹೋಗಿ ಥ್ರಾಟಲ್ (ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ಪೂರ್ತಿ ತೆರೆದು ಸಿಕ್ಕಿಕೊಳ್ಳುತ್ತಿತ್ತು. ಥ್ರಾಟಲ್ ಪೂರ್ತಿ ತೆರೆದರೆ ಬ್ರೇಕ್ ತುಳಿತ ಹಗುರ ಮಾಡುವ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ಹುಟ್ಟುವುದಿಲ್ಲ. ಗಾಡಿ ಓಡುತ್ತದೆ, ಬ್ರೇಕ್ ಪೆಡಲ್ ಕಲ್ಲಾಗುತ್ತದೆ. 1971ರ ಕೊನೆಗೆ ಜನರಲ್ ಮೋಟಾರ್ಸ್ ಸುಮಾರು 67 ಲಕ್ಷ ವಾಹನಗಳನ್ನು ಇದಕ್ಕಾಗಿ ವಾಪಸ್ ಕರೆಸಿತು. ಆಗ ಕಂಪನಿ ಮಾಡಿದ ರಿಪೇರಿ ಏನು ಗೊತ್ತೇ? ಮೌಂಟಿಂಗ್ ಗಟ್ಟಿ ಮಾಡಲಿಲ್ಲ. ಇಂಜಿನ್ ಒಂದು ಮಟ್ಟಕ್ಕಿಂತ ಮೇಲೇಳದಂತೆ ಒಂದು ಉಕ್ಕಿನ ಕೇಬಲ್ ಕಟ್ಟಿಕೊಟ್ಟರು. ಮುಂದಿನ ವರ್ಷಗಳಲ್ಲಿ ಬಂದ ಮೌಂಟಿಂಗ್‌ಗಳಲ್ಲಿ ರಬ್ಬರ್ ಹರಿದರೂ ಎರಡು ಕಬ್ಬಿಣದ ತಟ್ಟೆ ಒಂದನ್ನೊಂದು ಕಚ್ಚಿ ಹಿಡಿಯುವ ವಿನ್ಯಾಸ ಬಂತು.

ನಿಮಗೆ ನಾನು ಹೇಳುವುದೂ ಅದೇ. ಮೇಯುವ ಎತ್ತಿಗೆ ಹಗ್ಗ ಸಡಿಲ ಬಿಟ್ಟು ಗೂಟಕ್ಕೆ ಕಟ್ಟುತ್ತೇವಲ್ಲ, ಹಾಗೆ. ಐಡ್ಲಿಂಗ್‌ನಲ್ಲೂ ಸಾದಾ ಓಟದಲ್ಲೂ ಹಗ್ಗ ಸಡಿಲವಾಗೇ ಇರಬೇಕು, ಜೋರಾಗಿ ಎಳೆದಾಗ ಮಾತ್ರ ಬಿಗಿಯಬೇಕು. ಇಂಜಿನ್ನಿನ ಎಡಬದಿಯ ಬ್ರಾಕೆಟ್ಟಿನಿಂದ ಕೆಳಗಿನ ಕ್ರಾಸ್ ಮೆಂಬರಿಗೆ (ಬಾಡಿಯ ಅಡ್ಡ ತೊಲೆಗೆ) ಒಂದು ಗಟ್ಟಿ ಸರಪಳಿ ಅಥವಾ ಉಕ್ಕಿನ ಕೇಬಲ್. ಇಂಜಿನ್ ತನ್ನ ಭಾರದಲ್ಲಿ ಕೂತಾಗ 8-10 ಮಿಲಿಮೀಟರ್ ಸಡಿಲು. ತುದಿಯಲ್ಲಿ ದಪ್ಪ ರಬ್ಬರ್ ವಾಶರ್ ಹಾಕಿಸಿ, ಇಲ್ಲದಿದ್ದರೆ ಧಡ್ ಹೋಗಿ ಠಣ್ ಬರುತ್ತದೆ. ಕೆಳತುದಿಯನ್ನು ತೆಳು ತಗಡಿಗೆ ವೆಲ್ಡ್ ಮಾಡಿಸಬೇಡಿ, ಎಳೆತಕ್ಕೆ ತಗಡು ಹರಿದು ಬರುತ್ತದೆ. ಇರುವ ಬೋಲ್ಟ್ ತೂತನ್ನೇ ಬಳಸಿ. ಲೇತ್ ಇಟ್ಟುಕೊಂಡ ಮಿಸ್ತ್ರಿಗೆ ನಿಜವಾಗಿ ಕೊಡಬೇಕಾದ ಕೆಲಸ ಇದು.

ಅವರು ಹೇಳಿದ ಕಬ್ಬಿಣದ ಬುಶ್ ಬಗ್ಗೆ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಯಾವ ಬುಶ್ ಬೇಕಾದರೂ ಮಧ್ಯಾಹ್ನದೊಳಗೆ ತಿರುವಿ ಕೊಡುತ್ತಾರೆ, ಅದರಲ್ಲಿ ಸಂಶಯವಿಲ್ಲ. ಮಾಡಬಹುದು ಅಂತ ಮಾಡಬೇಕೇ? ಡ್ರ್ಯಾಗ್ ರೇಸಿನ ಗಾಡಿಗೆ ಇಂಥ ಮೌಂಟಿಂಗ್ ಹಾಕುತ್ತಾರೆ. ಆ ಗಾಡಿ ಒಂದು ಓಟಕ್ಕೆ ಕಾಲು ಮೈಲಿ ಹೋಗುತ್ತದೆ, ಆಮೇಲೆ ಟ್ರೇಲರ್ ಮೇಲೆ ಮನೆಗೆ. ನಿಮ್ಮ ಗಾಡಿ ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಕಿತ್ತ ರಸ್ತೆಯಲ್ಲಿ, ಊರಿಗೊಂದು ಹಂಪ್ ಹತ್ತಿ ಇಳಿಯುತ್ತದೆ. ರಸ್ತೆ ಬಾಡಿಯನ್ನು ತಿರುಚಿದಾಗಲೆಲ್ಲ ಆ ತಿರುಚು ನೇರ ಇಂಜಿನ್ ಬ್ರಾಕೆಟ್ಟಿಗೆ, ಬ್ಲಾಕಿನ ಬೋಲ್ಟಿಗೆ ಹೋಗುತ್ತದೆ. ಬೆಳಗಾವಿಯಲ್ಲಿ ಇಷ್ಟೊಂದು ಫೌಂಡ್ರಿ ಇವೆ, ಎರಕದ ಕಬ್ಬಿಣದ ಗುಣ ಅಲ್ಲಿಯ ಯಾರನ್ನು ಕೇಳಿದರೂ ಹೇಳುತ್ತಾರೆ: ಒತ್ತಿದರೆ ಬೆಟ್ಟದಷ್ಟು ಹೊರುತ್ತದೆ, ಎಳೆದರೆ ಸೀಳುತ್ತದೆ. ಬಾಡಿಯ ಕಡೆಯೂ ಅಷ್ಟೇ. ಮೂವತ್ತು ವರ್ಷ ಹಳೆಯ ತಗಡು, ಒಳಗೊಳಗೆ ತುಕ್ಕು, ಅದರ ಸ್ಪಾಟ್ ವೆಲ್ಡಿಂಗ್ ಮೇಲೆ ದಿನವಿಡೀ ಇಂಜಿನ್ ಕಂಪನ. ಇಸುಝು ಬಿಡಿಭಾಗ ಸಿಗುವುದೇ ಕಷ್ಟವಾಗಿರುವ ಕಾಲದಲ್ಲಿ ಬ್ಲಾಕಿನ ಕಿವಿ ಮುರಿದುಕೊಂಡು ಕೂರುವುದು ಯಾರಿಗೆ ಬೇಕು?

ಗೇರ್ ಬಾಕ್ಸ್ ಮೌಂಟಿಂಗನ್ನು ಮರೆಯಬೇಡಿ. ಮುಂದಿನ ಎರಡು ಹೊಸದು ಹಾಕಿ ಹಿಂದಿನದನ್ನು ಹಾಗೇ ಬಿಡುವುದು ನಮ್ಮಲ್ಲಿ ಸಾಮಾನ್ಯ. ಎಲ್ಲವನ್ನೂ ಒಟ್ಟಿಗೇ ಬದಲಿಸಿ. ಮುಂದೆ ಮೆತ್ತಗೆ ರಬ್ಬರ್, ಹಿಂದೆ ಕಬ್ಬಿಣ ಅನ್ನುವ ಜೋಡಿಯನ್ನಂತೂ ಯಾವ ಕಾರಣಕ್ಕೂ ಮಾಡಿಸಬೇಡಿ. ಇಂಜಿನ್ ಹೊರಳಲು ನೋಡಿದಾಗ ಇಡೀ ಬಲವನ್ನು ಗೇರ್ ಬಾಕ್ಸಿನ ಬಾಲ ಒಂದೇ ತಡೆಯಬೇಕಾಗುತ್ತದೆ, ಅದರ ಎರಕದ ಕಿವಿ ಮುರಿಯುತ್ತದೆ. ಮುಂದಿನ ಗಟ್ಟಿತನಕ್ಕೆ ಸಮ, ಇಲ್ಲವೇ ಒಂದು ಎಳೆ ಮೆತ್ತಗೆ, ಹಿಂದಿನದು ಹಾಗಿರಲಿ.

ಈಗ ಮುಖ್ಯ ಕಷ್ಟ: ಕಾಂಟೆಸ್ಸಾ ಮೌಂಟಿಂಗ್ ಎಲ್ಲಿ ಸಿಗುತ್ತದೆ? ಉತ್ಪಾದನೆ 2002ರಲ್ಲೇ ನಿಂತಿತು. ಹಳೆ ಅಂಗಡಿಗಳಲ್ಲಿ ಡಬ್ಬಿ ಬಿಚ್ಚದ ಮಾಲು ಸಿಗಬಹುದು. ಡಬ್ಬಿ ಹೊಸದಿದ್ದರೂ ರಬ್ಬರ್ ಹಳೆಯದು ಅನ್ನುವುದು ನೆನಪಿರಲಿ. ಕಪಾಟಿನಲ್ಲಿ ಕೂತೇ ರಬ್ಬರ್ ಗಟ್ಟಿಯಾಗುತ್ತದೆ, ಒಡೆಯುತ್ತದೆ. ಉಗುರು ಒತ್ತಿ ನೋಡಿ. ಗುರುತು ಬಿದ್ದು ಮೆಲ್ಲಗೆ ಮಾಯವಾದರೆ ಜೀವ ಇದೆ. ಉಗುರು ಜಾರಿದರೆ, ಇಲ್ಲವೇ ಅಂಚನ್ನು ಬಗ್ಗಿಸಿದಾಗ ಕೂದಲೆಳೆಯ ಬಿರುಕು ಕಂಡರೆ ದುಡ್ಡು ಕೊಡಬೇಡಿ.

ಸಿಗದಿದ್ದರೆ ಹಳೆಯ ತಟ್ಟೆಗೆ ಹೊಸ ರಬ್ಬರ್ ಹಾಕಿಸಬಹುದು, ನನಗೆ ಹೆಚ್ಚು ನಂಬಿಕೆ ಇರುವುದು ಇದರಲ್ಲೇ. ಗಟ್ಟಿತನ ನೀವು ಹೇಳಿದಷ್ಟೇ ಸಿಗುತ್ತದೆ, ಅದು ದೊಡ್ಡ ಅನುಕೂಲ. ನಿಮ್ಮ ಹಳೆಯ ಮೌಂಟಿಂಗನ್ನು ಎಸೆಯದೆ ರಬ್ಬರ್ ಮೋಲ್ಡಿಂಗ್ ಮಾಡುವವರಿಗೆ ಒಯ್ಯಿರಿ. ಕೇಳಬೇಕಾದದ್ದು ಇಷ್ಟು: ಹಳೆ ರಬ್ಬರ್ ಪೂರ್ತಿ ತೆಗೆದು ತಟ್ಟೆಯನ್ನು ಸ್ಯಾಂಡ್ ಬ್ಲಾಸ್ಟ್ ಮಾಡುತ್ತೀರಾ? ಲೋಹಕ್ಕೆ ರಬ್ಬರ್ ಹಿಡಿಸುವ ಬಾಂಡಿಂಗ್ ದ್ರಾವಣ ಹಚ್ಚುತ್ತೀರಾ? ಅಚ್ಚಿನಲ್ಲಿ ಒತ್ತಡ, ಬಿಸಿ ಕೊಟ್ಟು ಬೇಯಿಸುತ್ತೀರಾ? ಬೇಯುವುದು ಸುಮಾರು 150 ಡಿಗ್ರಿಯಲ್ಲಿ. ಬೇಯುವಾಗಲೇ ರಬ್ಬರ್ ತಟ್ಟೆಯನ್ನು ಹಿಡಿದುಕೊಳ್ಳಬೇಕು. ಬೆಂದ ರಬ್ಬರ್ ತುಂಡನ್ನು ಆಮೇಲೆ ಗೋಂದಿನಿಂದ ಅಂಟಿಸಿ ಕೊಟ್ಟರೆ ಅದು ಎಡಗಡೆ ಒಂದು ತಿಂಗಳೂ ನಿಲ್ಲುವುದಿಲ್ಲ. ನೈಸರ್ಗಿಕ ರಬ್ಬರೇ ಇರಲಿ, ಕಂಪನ ತಿನ್ನುವುದರಲ್ಲಿ, ಹರಿಯದೆ ಎಳೆತ ತಾಳುವುದರಲ್ಲಿ ಅದಕ್ಕೆ ಸರಿಸಾಟಿ ಕಡಿಮೆ. ಅದರ ಶತ್ರು ಆಯಿಲ್. ಟ್ಯಾಪೆಟ್ ಕವರ್ ಪ್ಯಾಕಿಂಗ್ ಸೋರಿ ಮೌಂಟಿಂಗ್ ಮೇಲೆ ತೊಟ್ಟಿಕ್ಕುತ್ತಿದ್ದರೆ ರಬ್ಬರ್ ಉಬ್ಬಿ ಹಲ್ವಾ ಆಗುತ್ತದೆ. ಹೊಸದು ಹಾಕುವ ಮೊದಲು ಸೋರುವುದನ್ನು ನಿಲ್ಲಿಸಿ. ಸೈಲೆನ್ಸರ್ ಪೈಪ್ ಹತ್ತಿರ ಹಾದುಹೋಗುವ ಕಡೆ ಒಂದು ತಗಡಿನ ಮರೆ ಕಟ್ಟಿಸಿ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆ ಕಡೆ ಹೊರಗೇ 40 ಡಿಗ್ರಿ ದಾಟುತ್ತದೆ, ಬಾನೆಟ್ ಒಳಗಿನ ಬಿಸಿ ಕೇಳಬೇಕೆ?

ಬೇರೆ ಗಾಡಿಯ ಮೌಂಟಿಂಗನ್ನು ತೂತು ದೊಡ್ಡದು ಮಾಡಿ ಕೂರಿಸುವುದು, ಟೈರ್ ತುಂಡು ಕತ್ತರಿಸಿ ತುರುಕುವುದು ಎರಡೂ ದಾರಿಯಲ್ಲಿ ಕೈಕೊಟ್ಟಾಗ ಮನೆ ಮುಟ್ಟಲು ಸರಿ. ಟೈರ್ ರಬ್ಬರಿನೊಳಗೆ ದಾರದ ಪದರ ಇರುತ್ತದೆ, ಅದು ಒತ್ತಿದರೂ ಬಗ್ಗುವುದಿಲ್ಲ, ಎಳೆದರೆ ಹಿಡಿಯುವುದೂ ಇಲ್ಲ.

ಪಾಲಿಯ ಪರವಾಗಿಯೂ ಎರಡು ಮಾತು ಹೇಳಬೇಕು. ಆಯಿಲ್ ಬಿದ್ದರೆ ಅದಕ್ಕೆ ಏನೂ ಆಗದು. ಸವೆಯುವುದು ಕಡಿಮೆ. ಸಾಮಾನ್ಯವಾಗಿ ಪಾಲಿ ಮೌಂಟಿಂಗ್‌ಗಳು ಕಚ್ಚಿ ಹಿಡಿಯುವ ವಿನ್ಯಾಸದಲ್ಲೇ ಬರುತ್ತವೆ, ಹಾಗಾಗಿ ಇಂಜಿನ್ ಬಿಟ್ಟುಹೋಗುವ ಭಯವಿಲ್ಲ. ನಿಮ್ಮ ಬಳಿ 1960ರ ದಶಕದ ವಿ8 ಇಂಜಿನ್ನಿನ ಫೋರ್ಡ್ ಮಸ್ಟಾಂಗ್ ಇದ್ದು ಕೇಳಿದ್ದರೆ 'ಹಾಕಿ, ಖುಷಿಯಾಗಿರಿ' ಅನ್ನುತ್ತಿದ್ದೆ. ಸಾದಾ ಪಾಲಿಗೆ ಜಾಸ್ತಿ ಬಿಸಿ ಹಿಡಿಸದು, ಸೈಲೆನ್ಸರ್ ಪಕ್ಕದಲ್ಲಿ ಕಾಲಕ್ರಮೇಣ ಆಕಾರ ಬಿಡುತ್ತದೆ ಅನ್ನುವುದಷ್ಟೇ ಅಲ್ಲಿ ನೋಡಿಕೊಳ್ಳಬೇಕಾದ್ದು.

ಕೂರಿಸುವಾಗ ಅವಸರ ಬೇಡ. ಹೊಸ ಮೌಂಟಿಂಗಿನ ಎಲ್ಲ ನಟ್‌ಗಳನ್ನು ಕೈಬಿಗಿಯಷ್ಟೇ ಬಿಗಿಯಿರಿ. ಜ್ಯಾಕ್ ಇಳಿಸಿ ಇಂಜಿನ್ ತನ್ನ ಭಾರದಲ್ಲಿ ಕೂರಲಿ. ಸ್ಟಾರ್ಟ್ ಮಾಡಿ ಒಂದೆರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ, ಅದು ತನ್ನ ಜಾಗ ತಾನೇ ಹುಡುಕಿಕೊಳ್ಳುತ್ತದೆ. ಆಫ್ ಮಾಡಿ, ಆಮೇಲೆ ಪಾನಾ ಹಾಕಿ ಪೂರ್ತಿ ಬಿಗಿ. ಜ್ಯಾಕ್ ಮೇಲೆ ತೂಗುವಾಗಲೇ ಬಿಗಿದರೆ ರಬ್ಬರ್ ಹುಟ್ಟುತ್ತಲೇ ತಿರುಚಿಕೊಂಡಿರುತ್ತದೆ, ಅರ್ಧ ಆಯುಸ್ಸು ಅಲ್ಲೇ ಹೋಯಿತು. ಹೊಸ ರಬ್ಬರಿನಿಂದ ಇಂಜಿನ್ ಸ್ವಲ್ಪ ಮೇಲೆ ಕೂರುತ್ತದೆ, ಹಾಗಾಗಿ ಫ್ಯಾನ್ ಸುತ್ತ ಒಂದೇ ಸಮ ಅಂತರ ಇದೆಯೇ, ಸೈಲೆನ್ಸರ್ ಪೈಪ್ ಬಾಡಿಗೆ ಎಲ್ಲಿಯಾದರೂ ತಾಗುತ್ತಿದೆಯೇ ನೋಡಿ. ಪೈಪ್ ಒಂದು ಕಡೆ ತಾಗಿದರೂ ಸಾಕು, ಮೌಂಟಿಂಗ್ ಎಷ್ಟೇ ಒಳ್ಳೆಯದಿದ್ದರೂ ಗಾಡಿ ಗುಂಯ್ ಅನ್ನುತ್ತದೆ. ಇಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥಿಂಗ್ ಪಟ್ಟಿಯನ್ನೂ ನೋಡಿ. ವರ್ಷಗಟ್ಟಲೆ ಇಂಜಿನ್ ಕುಣಿದ ಗಾಡಿಗಳಲ್ಲಿ ಅದು ಹರಿದಿರುವುದು ಉಂಟು, ಆಗ ಸ್ಟಾರ್ಟರಿನ ಕರೆಂಟ್ ಆಕ್ಸಲರೇಟರ್ ಕೇಬಲ್ ಮೂಲಕ ದಾರಿ ಹುಡುಕುತ್ತದೆ. 500 ಕಿಲೋಮೀಟರ್ ಓಡಿದ ಮೇಲೆ ನಟ್‌ಗಳಿಗೆ ಇನ್ನೊಮ್ಮೆ ಪಾನಾ ಹಾಕಿ ನೋಡಿ.

ಇಷ್ಟು ಮಾಡಿದ ಮೇಲೂ ಐಡ್ಲಿಂಗ್‌ನಲ್ಲಿ ನಡುಕ ಉಳಿದರೆ ಮೌಂಟಿಂಗನ್ನು ಬೈಯಬೇಡಿ. ಕಾರ್ಬುರೇಟರ್, ಪ್ಲಗ್, ಟ್ಯಾಪೆಟ್ ನೋಡಿಸಿ. ಒಂದು ಸಿಲಿಂಡರ್ ಸರಿಯಾಗಿ ಉರಿಯದಿದ್ದರೆ ಏಟು ಸೆಕೆಂಡಿಗೆ 27ರ ಬದಲು ಏರುಪೇರಾಗಿ, ನಿಧಾನವಾಗಿ ಬೀಳುತ್ತದೆ. ಅಷ್ಟು ನಿಧಾನದ ಏಟನ್ನು ಯಾವ ರಬ್ಬರೂ ತಿನ್ನಲಾರದು.

ಕೊನೆಗೆ ಪವರ್ ಜಾಸ್ತಿ ಮಾಡಿಸುವ ಆಸೆ. ಇದೇ 1.8ಕ್ಕೆ ಕಾರ್ಬುರೇಟರ್, ಸೈಲೆನ್ಸರ್ ಕೆಲಸ ಮಾಡಿಸುವುದಾದರೆ ಮೇಲೆ ಹೇಳಿದ ರಬ್ಬರ್, ತಡೆ ಎರಡೂ ಸಾಕು. ಬೇರೆ ದೊಡ್ಡ ಇಂಜಿನ್ನನ್ನೇ ಇಳಿಸುವ ಯೋಚನೆ ಇದ್ದರೆ ಕಾಂಟೆಸ್ಸಾ ಮೌಂಟಿಂಗ್ ಮಾತೇ ಬೇಡ. ಆ ಇಂಜಿನ್ ಬಂದ ಗಾಡಿಯ ಮೌಂಟಿಂಗನ್ನೇ ಜೊತೆಗೆ ತನ್ನಿ. ಅದನ್ನು ಆ ಇಂಜಿನ್ನಿನ ತೂಕ, ಕಂಪನ ನೋಡಿಯೇ ಮಾಡಿರುತ್ತಾರೆ, ಬ್ರಾಕೆಟ್ ಮಾತ್ರ ಹೊಸದಾಗಿ ಮಾಡಿಸಿದರಾಯಿತು. ಅಲ್ಲದೆ ಇಂಜಿನ್ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಮೊದಲೇ ಅನುಮತಿ ಬೇಕು, ಆಮೇಲೆ ಆರ್‌ಸಿಯಲ್ಲಿ ದಾಖಲಾಗಬೇಕು. ಹಾಗಾಗಿ ಮೊದಲು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ, ಲೇತ್ ಅಂಗಡಿಗೆ ಆಮೇಲೆ ಹೋಗಿ.